ಪೊಲೀಸ್, ಫೈರ್, ಆಂಬ್ಯುಲೆನ್ಸ್ ನಡುವೆ ಮಾತು ಮುಟ್ಟಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ

ತುರ್ತು ಸೇವೆಗಳ ಸಮನ್ವಯ ನೋಡಿಕೊಳ್ಳುವ ಕೆಲಸಕ್ಕೆ ನಾನು ಬಂದು ನಾಲ್ಕು ತಿಂಗಳಾಯಿತು. ಇತ್ತೀಚೆಗೆ ಒಂದು ಗೋದಾಮಿಗೆ ಬೆಂಕಿ ಬಿತ್ತು. ಪೊಲೀಸರು, ಅಗ್ನಿಶಾಮಕ ದಳ, ಆಂಬ್ಯುಲೆನ್ಸ್, ವಿದ್ಯುತ್ ಇಲಾಖೆ ಎಲ್ಲರೂ ಬೇಗನೇ ಬಂದರು. ಆದರೆ ಅವರವರ ವೈರ್‌ಲೆಸ್ ಅವರವರಿಗೆ ಮಾತ್ರ. ಕರೆಂಟ್ ತೆಗೆದಾಯಿತು ಅನ್ನುವ ಸುದ್ದಿ ನೀರು ಹೊಡೆಯುವವರಿಗೆ ಮುಟ್ಟಲು ಹದಿನೈದು ನಿಮಿಷ ಹಿಡಿಯಿತು. ಬ್ಯಾರಿಕೇಡ್ ಹತ್ತಿರ ನಿಂತಿದ್ದ ಪೇದೆಗೆ ಯಾರೂ ಏನೂ ಹೇಳಿರಲಿಲ್ಲ. ಅವರು ಎರಡನೇ ಆಂಬ್ಯುಲೆನ್ಸನ್ನು ವಾಪಸ್ ಕಳಿಸಿದರು, ಅದು ಸುತ್ತು ಹಾಕಿಕೊಂಡು ಬರಬೇಕಾಯಿತು. ಎಲ್ಲರಿಗೂ ಒಂದೇ ಬಗೆಯ ಹೊಸ ಸೆಟ್ ಕೊಡಿಸಿದರೆ ಸರಿಹೋಗುತ್ತದೆ ಅಂತ ನಮ್ಮ ಮೇಲಿನವರು ಹೇಳುತ್ತಿದ್ದಾರೆ. ನಿಜವಾಗಿ ಅದೇ ಮೊದಲ ಕೆಲಸವಾ? ಇಂಥದ್ದರಲ್ಲಿ ಪಾಡುಪಟ್ಟವರು, ಏನು ಮಾಡಿದ್ದರಿಂದ ಉಪಯೋಗವಾಯಿತು ಅಂತ ದಯವಿಟ್ಟು ತಿಳಿಸಿ.

ಉತ್ತರ: ಅಗ್ನಿಶಾಮಕ ದಳದ ನಿವೃತ್ತ ಅಧಿಕಾರಿ

ಸೆಟ್ ಬೇಕು, ಇಲ್ಲ ಅನ್ನಲ್ಲ. ಆದರೆ ಅದಕ್ಕಿಂತ ಮೊದಲು ಅಧಿಕಾರಿಗಳು ಒಂದೇ ಕಡೆ ನಿಲ್ಲಬೇಕು.

ನನ್ನ ಅನುಭವ ಹೇಳುತ್ತೇನೆ. ಒಂದು ಹಳೇ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ನಾನು ಮುಂದಿನ ಗೇಟಿನಲ್ಲಿದ್ದೆ. ಪೊಲೀಸ್ ಇನ್ಸ್‌ಪೆಕ್ಟರ್ ಹಿಂದಿನ ಗೇಟಿನಲ್ಲಿ ಜನರನ್ನು ತಡೆಯುತ್ತಿದ್ದರು. ಹಿಂಬದಿಯ ಗೋಡೆ ಹೊರಗೆ ಉಬ್ಬಿಕೊಳ್ಳುತ್ತಿರುವುದು ಅವರ ಕಣ್ಣಿಗೆ ಬಿತ್ತು. ಅವರು ತಕ್ಷಣ ತಮ್ಮ ಕಂಟ್ರೋಲ್ ರೂಮಿಗೆ ಹೇಳಿದರು. ಅಲ್ಲಿ ಬರೆದುಕೊಂಡು ನಮ್ಮ ಕಂಟ್ರೋಲ್ ರೂಮಿಗೆ ಫೋನ್ ಮಾಡಿದರು. ಫೋನ್ ಬ್ಯುಸಿ. ಮತ್ತೆ ಮಾಡಿದರು. ನಮ್ಮವರು ಅದನ್ನು ನನಗೆ ವೈರ್‌ಲೆಸ್‌ನಲ್ಲಿ ಹೇಳಿದರು. ನಾನು ಕೂಗಿ ಹುಡುಗರನ್ನು ಹೊರಗೆ ಕರೆದೆ. ಕೊನೆಯವನು ಹೊರಗೆ ಬಂದು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಗೋಡೆ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಇನ್ಸ್‌ಪೆಕ್ಟರ್‌ಗೂ ನನಗೂ ಇದ್ದ ದೂರ ಇನ್ನೂರು ಹೆಜ್ಜೆ ಅಷ್ಟೇ. ಸುದ್ದಿ ಮಾತ್ರ ಊರೆಲ್ಲಾ ಸುತ್ತಿಕೊಂಡು ಬಂತು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ಸ್ಥಳಕ್ಕೆ ಮೊದಲು ಬಂದ ಅಧಿಕಾರಿಯ ಜೀಪೇ ಜಂಟಿ ಠಿಕಾಣಿ. ಅದರ ಬಾನೆಟ್ ಮೇಲೆ ಒಂದು ದೊಡ್ಡ ಹಾಳೆ, ಒಂದು ಮಾರ್ಕರ್ ಪೆನ್. ಮೂರೂ ಇಲಾಖೆಯ ಮುಖ್ಯಸ್ಥರು ಅಲ್ಲಿಗೆ ಬಂದು ನಿಲ್ಲಬೇಕು. ತಾವು ಬೇರೆ ಕಡೆ ಹೋಗಲೇಬೇಕಾದರೆ, ಸೆಟ್ ಕೈಯಲ್ಲಿ ಹಿಡಿದ ಒಬ್ಬರನ್ನು ಬಿಟ್ಟು ಹೋಗಬೇಕು. ಖರ್ಚು ಏನೂ ಇಲ್ಲ.

2001ರ ಸೆಪ್ಟೆಂಬರ್ 11ರ ನ್ಯೂಯಾರ್ಕ್ ಘಟನೆಯನ್ನು ತರಬೇತಿಯಲ್ಲಿ ನಾನು ಯಾವಾಗಲೂ ಹೇಳುತ್ತಿದ್ದೆ. ವಿಮಾನ ಬಡಿದ ಅವಳಿ ಗೋಪುರಗಳಲ್ಲಿ ದಕ್ಷಿಣದ್ದು 9:59ಕ್ಕೆ ಬಿತ್ತು, ಉತ್ತರದ್ದು 10:28ಕ್ಕೆ. ನಡುವೆ ಅರ್ಧ ಗಂಟೆ ಇತ್ತು. ಉತ್ತರದ ಗೋಪುರವೂ ನಿಲ್ಲುವಂತಿಲ್ಲ ಅಂತ ಪೊಲೀಸ್ ಹೆಲಿಕಾಪ್ಟರ್‌ನವರು ಮೇಲಿನಿಂದ ನೋಡಿ ಹೇಳಿದ್ದರು. ಅದು ಪೊಲೀಸರ ರೇಡಿಯೊದಲ್ಲಿ ಹೋಯಿತು. ಅಗ್ನಿಶಾಮಕ ಮುಖ್ಯಸ್ಥರ ಪಕ್ಕದಲ್ಲಿ ಅದನ್ನು ಕೇಳಿ ಹೇಳುವ ಪೊಲೀಸ್ ಅಧಿಕಾರಿ ಇರಲಿಲ್ಲ. ಹೊರಗೆ ಬನ್ನಿ ಅಂತ ಅಗ್ನಿಶಾಮಕದವರೂ ಆದೇಶ ಕೊಟ್ಟಿದ್ದರು, ಆದರೆ ಮೇಲಿನ ಮಹಡಿಗಳಲ್ಲಿದ್ದ ಎಷ್ಟೋ ಜನರಿಗೆ ಅದು ಕೇಳಿಸಲೇ ಇಲ್ಲ. ಆ ದಿನ 343 ಮಂದಿ ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಕಾರಣ ಇದೊಂದೇ ಅಲ್ಲ. ಆದರೂ ಆ ಅರ್ಧ ಗಂಟೆಯನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಉತ್ತರ: ಕಂಟ್ರೋಲ್ ರೂಮ್ ಆಪರೇಟರ್

ಮೇಲಿನ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಮಾತಿನ ಬಗ್ಗೆಯೇ ಹೇಳುತ್ತೇನೆ, ಯಾಕೆಂದರೆ ಹನ್ನೊಂದು ವರ್ಷದಿಂದ ಹೆಡ್‌ಫೋನ್ ಹಾಕಿಕೊಂಡು ಕೂತಿರುವುದು ಇದಕ್ಕೇ.

"ಕ್ಲಿಯರ್" ಅನ್ನುವ ಒಂದೇ ಪದ ತಗೊಳ್ಳಿ. ಪೊಲೀಸರು ಕ್ಲಿಯರ್ ಅಂದರೆ ಅಲ್ಲಿ ಅಪಾಯ ಇಲ್ಲ ಅಂತ. ಅಗ್ನಿಶಾಮಕದವರು ಅಂದರೆ ಆ ಮಹಡಿ ಪೂರ್ತಿ ಹುಡುಕಾಯಿತು, ಒಳಗೆ ಯಾರೂ ಇಲ್ಲ ಅಂತ. ಆಂಬ್ಯುಲೆನ್ಸ್‌ನವರು ಅಂದರೆ ನನ್ನ ಗಾಡಿ ಖಾಲಿ ಇದೆ, ಮುಂದಿನ ಕರೆ ಕೊಡಿ ಅಂತ. ಮೂವರೂ ಒಂದೇ ಚಾನೆಲ್‌ಗೆ ಬಂದ ಮೊದಲ ದಿನ ನನಗೆ ಇದು ಅರ್ಥವಾಯಿತು. "ಮೂರನೇ ಮಹಡಿ ಕ್ಲಿಯರ್" ಅಂತ ಒಬ್ಬರು ಹೇಳಿದರು. ಇನ್ನೊಬ್ಬರು ಅದನ್ನು ಕೇಳಿ ಸ್ಟ್ರೆಚರ್ ಹಿಡಿದು ಹೊಗೆಯೊಳಗೆ ಹೊರಟೇ ಬಿಟ್ಟಿದ್ದರು. ಅಂದರೆ ಚಾನೆಲ್ ಒಂದಾದ ಮೇಲೆ ತೊಂದರೆ ಹೋಗಲಿಲ್ಲ, ಇನ್ನೂ ವೇಗವಾಗಿ ಬಂತು!

ಕೋಡ್ ನಂಬರುಗಳೂ ಹಾಗೇ. ಅಮೆರಿಕದಲ್ಲಿ ಪೂರ್ತಿ ಮಾತಿನ ಬದಲು ವೈರ್‌ಲೆಸ್‌ನಲ್ಲಿ ಹೇಳುವ, ಹತ್ತರಿಂದ ಶುರುವಾಗುವ ಟೆನ್-ಕೋಡ್‌ಗಳಿವೆ. ಒಂದೇ ನಂಬರಿಗೆ ಪಕ್ಕಪಕ್ಕದ ಊರುಗಳಲ್ಲೇ ಬೇರೆ ಬೇರೆ ಅರ್ಥ. ಅದಕ್ಕೇ ಅಲ್ಲಿ 2006ರಿಂದ, ಹಲವು ಇಲಾಖೆಗಳು ಸೇರುವ ಘಟನೆಗಳಲ್ಲಿ ಸರಳ ಮಾತೇ ಆಡಬೇಕು, ಆಗ ಮಾತ್ರ ಕೇಂದ್ರದ ಅನುದಾನ ಅಂತ ಷರತ್ತು ಹಾಕಿದರು. ನಾವೂ ಜಂಟಿ ಚಾನೆಲ್‌ನಲ್ಲಿ ಕೋಡ್ ನಿಲ್ಲಿಸಿದೆವು. ತಮ್ಮ ತಮ್ಮ ಚಾನೆಲ್‌ನಲ್ಲಿ ಬೇಕಾದ್ದು ಹೇಳಿಕೊಳ್ಳಲಿ.

ಜಾಗದ ಹೆಸರಿನ ಬಗ್ಗೆ ಜಾಸ್ತಿ ಹುಷಾರಾಗಿರಿ. "ಎರಡನೇ ಗೇಟ್" ಅಂದರೆ ಯಾವ ಕಡೆಯಿಂದ ಎಣಿಸಿದ್ದು? ಪೊಲೀಸರು ರಸ್ತೆಯಿಂದ ಎಣಿಸುತ್ತಾರೆ, ಕಟ್ಟಡದ ಸೆಕ್ಯೂರಿಟಿಯವರು ಆಫೀಸ್ ಕಡೆಯಿಂದ. ಕಣ್ಣಿಗೆ ಕಾಣುವುದನ್ನು ಹೇಳಿ ಅಂತ ನಾನು ಎಲ್ಲರಿಗೂ ಬೇಡಿಕೊಳ್ಳುತ್ತೇನೆ: "ನೀಲಿ ಶಟರ್, ರೈಲ್ವೆ ಹಳಿ ಕಡೆಯ ಗೇಟ್". ಮೊಬೈಲ್‌ನಿಂದ ಅಕ್ಷಾಂಶ ಓದಿ ಹೇಳುವಾಗಲೂ ಅಷ್ಟೇ. 12.50 ಡಿಗ್ರಿ ಅಂದರೆ ಹನ್ನೆರಡೂವರೆ ಡಿಗ್ರಿ. ಒಂದು ಡಿಗ್ರಿಗೆ ಅರವತ್ತು ಮಿನಿಟ್, ಹಾಗಾಗಿ ಅದನ್ನು ಹನ್ನೆರಡು ಡಿಗ್ರಿ ಐವತ್ತು ಮಿನಿಟ್ ಅಂತ ಬರೆದುಕೊಂಡರೆ ಹೆಲಿಕಾಪ್ಟರ್ ಸುಮಾರು 37 ಕಿಲೋಮೀಟರ್ ಆಚೆ ಹೋಗುತ್ತದೆ. ಯಾವ ರೀತಿಯಲ್ಲಿ ಹೇಳಬೇಕು ಅಂತ ಎಲ್ಲಾ ಇಲಾಖೆಯವರೂ ಮೊದಲೇ ಒಪ್ಪಿಕೊಂಡಿರಬೇಕು.

ಇನ್ನೊಂದು ಮಾತು. ಕೇಳಿದ್ದನ್ನು ತಿರುಗಿ ಹೇಳುವ ಅಭ್ಯಾಸ ಮಾಡಿಸಿ. "ಸರಿ ಸರ್" ಅಂದರೆ ಸಾಲದು. "ಕರೆಂಟ್ ತೆಗೆದಿದೆ, ನೀರು ಹೊಡೆಯಬಹುದು" ಅಂತ ಅವರ ಬಾಯಿಂದ ವಾಪಸ್ ಬರಬೇಕು. ನಿಮ್ಮ ಗೋದಾಮಿನ ಹದಿನೈದು ನಿಮಿಷದಲ್ಲಿ ಇದೂ ಸೇರಿರಬಹುದು ಅಂತ ನನ್ನ ಅನುಮಾನ. ಯಾರೋ ಹೇಳಿದ್ದಾರೆ, ಯಾರೋ "ಸರಿ" ಅಂದಿದ್ದಾರೆ, ಅಲ್ಲಿಗೇ ನಿಂತಿದೆ.

ಉತ್ತರ: ವೈರ್‌ಲೆಸ್ ತಂತ್ರಜ್ಞ

ಸೆಟ್ ವಿಷಯ ನನಗೆ ಬಿಡಿ. ಹೊಸ ಸೆಟ್ ಕೊಳ್ಳುವ ಮೊದಲು, ಈಗಿರುವ ಸೆಟ್‌ಗಳ ಪಟ್ಟಿ ಮಾಡಿ. ಯಾವ ಬ್ಯಾಂಡ್, ಅನಲಾಗಾ ಡಿಜಿಟಲ್ಲಾ, ಡಿಜಿಟಲ್ ಆದರೆ ಯಾವ ಮಾದರಿಯದು, ಟೆಟ್ರಾನಾ, ಪಿ25ಆ ಅಥವಾ ಬೇರೆಯದಾ. ಎರಡೂ ಡಿಜಿಟಲ್ ಆದ ಮಾತ್ರಕ್ಕೆ ಒಂದಕ್ಕೊಂದು ಮಾತಾಡುವುದಿಲ್ಲ. ಹಾಗಂತ ಎಲ್ಲವನ್ನೂ ಎಸೆಯಬೇಕಾಗಿಲ್ಲ. ಎರಡು ಬೇರೆ ಜಾಲಗಳ ನಡುವೆ ಮಾತು ದಾಟಿಸುವ ಗೇಟ್‌ವೇ ಉಪಕರಣಗಳಿವೆ. ಅದೂ ಇಲ್ಲದಿದ್ದರೆ ಹತ್ತು ಸೆಟ್ ಹೆಚ್ಚಿಗೆ ಇಟ್ಟುಕೊಂಡು, ಸ್ಥಳದಲ್ಲಿ ಬೇರೆ ಇಲಾಖೆಯ ಅಧಿಕಾರಿಗಳ ಕೈಗೆ ಕೊಡಿ. ನಾವು ಮೂರು ವರ್ಷ ಹಾಗೇ ನಡೆಸಿದ್ದೇವೆ.

ಎಲ್ಲರನ್ನೂ ಒಂದೇ ಚಾನೆಲ್‌ಗೆ ಹಾಕುವುದು ಮಾತ್ರ ಬೇಡ. ಒಬ್ಬರು ಗುಂಡಿ ಒತ್ತಿದರೆ ಉಳಿದವರ ಬಾಯಿ ಕಟ್ಟಿದ ಹಾಗೆ. ಎಂಬತ್ತು ಜನ ಇದ್ದರೆ ಅದು ಸಂತೆ. ಜಂಟಿ ಚಾನೆಲ್ ಅಧಿಕಾರಿಗಳಿಗೆ ಮಾತ್ರ ಇರಲಿ. ಆ ಚಾನೆಲ್‌ಗೆ ಎಲ್ಲಾ ಇಲಾಖೆಯ ಸೆಟ್‌ನಲ್ಲೂ ಒಂದೇ ಹೆಸರು, ಒಂದೇ ಜಾಗ ಇರಲಿ. ಕತ್ತಲಲ್ಲಿ, ಕೈಗವಸು ಹಾಕಿಕೊಂಡು, ನಾಬ್ ಎಷ್ಟು ಸಲ ತಿರುಗಿಸಬೇಕು ಅಂತ ಬೆರಳಿಗೆ ಗೊತ್ತಿರಬೇಕು. ಹೊರಗಿನವರಿಗೆ ಮಾತು ಅರ್ಥವಾಗದಂತೆ ಒಂದು ಇಲಾಖೆ ಎನ್‌ಕ್ರಿಪ್ಷನ್ ಹಾಕಿಕೊಂಡಿದ್ದರೆ, ಅದನ್ನು ಬಿಡಿಸುವ ಕೀ ಹಂಚಿಕೊಳ್ಳುವುದು ಯಾರು ಅಂತಲೂ ಬರೆದಿಡಿ. ಇಲ್ಲದಿದ್ದರೆ ಚಾನೆಲ್ ಇದ್ದೂ ಬರೀ ಗೊರಗೊರ.

ನೆಲಮಾಳಿಗೆ, ಸುರಂಗ, ಲಿಫ್ಟ್ ಬಾವಿ, ಕಬ್ಬಿಣದ ಶೀಟಿನ ಗೋದಾಮು: ಅಲ್ಲಿಗೆ ಸಿಗ್ನಲ್ ಹೋಗುತ್ತದಾ ಅಂತ ನಡೆದು ನೋಡಿ. ಹೋಗದ ಕಡೆ ಟವರ್ ನಂಬದೆ ಸೆಟ್‌ನಿಂದ ಸೆಟ್‌ಗೆ ನೇರವಾಗಿ ಮಾತಾಡುವ ಡೈರೆಕ್ಟ್ ಮೋಡ್ ಬಳಸಬೇಕು. ಆ ಗುಂಡಿ ಎಲ್ಲಿದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಮೊಬೈಲ್ ಇದೆಯಲ್ಲಾ ಅಂತ ಸುಮ್ನೆ ಕೂರಬೇಡಿ. ಲಂಡನ್‌ನಲ್ಲಿ 2005ರ ಜುಲೈ 7ರಂದು ಬಾಂಬ್ ಸಿಡಿದಾಗ ಮೊಬೈಲ್ ಜಾಲ ಜಾಮ್ ಆಯಿತು. ಅಲ್ಲಿನ ಆಂಬ್ಯುಲೆನ್ಸ್ ಅಧಿಕಾರಿಗಳು ಮೊಬೈಲನ್ನೇ ನೆಚ್ಚಿಕೊಂಡಿದ್ದರು. ಸುರಂಗದೊಳಗೆ ಹೋದವರ ರೇಡಿಯೊ ಕೆಲಸ ಮಾಡಲಿಲ್ಲ. ಕೆಲವರು ಸುದ್ದಿ ಹೇಳಲು ಓಡಿಕೊಂಡು ಮೇಲೆ ಬರಬೇಕಾಯಿತು. ಅಮೆರಿಕದಲ್ಲಿ 2012ರಲ್ಲಿ ಕಾನೂನು ಮಾಡಿ ಫಸ್ಟ್‌ನೆಟ್ ಅಂತ ತುರ್ತು ಸೇವೆಗೇ ಬೇರೆ ಬ್ರಾಡ್‌ಬ್ಯಾಂಡ್ ವ್ಯವಸ್ಥೆ ತಂದರು. ಜನಸಂದಣಿಯ ನಡುವೆಯೂ ಇವರ ಕರೆಗೆ ಆದ್ಯತೆ ಸಿಗುತ್ತದೆ. ನಿಮ್ಮಲ್ಲಿ ಅಂಥದ್ದು ಇದ್ದರೆ ಅಧಿಕಾರಿಗಳ ಸಿಮ್ ಅದಕ್ಕೆ ಸೇರಿದೆಯಾ ಅಂತ ಇವತ್ತೇ ವಿಚಾರಿಸಿ.

ಉತ್ತರ: ಆಂಬ್ಯುಲೆನ್ಸ್ ನರ್ಸ್

ಆಸ್ಪತ್ರೆಯನ್ನು ಮರೆಯಬೇಡಿ, ಅಷ್ಟೇ ನನ್ನ ಕೋರಿಕೆ. ಸ್ಥಳದಲ್ಲಿ ಮೂರು ಇಲಾಖೆ ಚೆನ್ನಾಗಿ ಮಾತಾಡಿಕೊಂಡರೂ ಆಸ್ಪತ್ರೆಗೆ ಸುದ್ದಿ ಹೋಗಿರುವುದಿಲ್ಲ. ನಡೆಯಬಲ್ಲ ಗಾಯಾಳುಗಳು ಸಿಕ್ಕ ಗಾಡಿ ಹತ್ತಿ ಹತ್ತಿರದ ಆಸ್ಪತ್ರೆಗೆ ತಾವೇ ಬಂದುಬಿಡುತ್ತಾರೆ. ನಾವು ಗಂಭೀರವಾಗಿರುವವರನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಅಲ್ಲಿ ಹಾಸಿಗೆ ತುಂಬಿರುತ್ತದೆ. ಒಮ್ಮೆ ಬಾಗಿಲಿನಿಂದಲೇ ತಿರುಗಿಸಿಕೊಂಡು ಇನ್ನೊಂದು ಆಸ್ಪತ್ರೆಗೆ ಓಡಿದ್ದೇವೆ. ರಾಸಾಯನಿಕ ಸೋರಿದ್ದರೆ ಇನ್ನೂ ಕಷ್ಟ. ಏನು ಸೋರಿದೆ ಅಂತ ಅಗ್ನಿಶಾಮಕದವರಿಗೆ ಗೊತ್ತಿರುತ್ತದೆ, ಗಾಯಾಳುವಿನ ಬಟ್ಟೆ ಬಿಚ್ಚಿಸಿ ಮೈ ತೊಳೆಯಬೇಕಾದ ಡಾಕ್ಟರಿಗೆ ಗೊತ್ತಿರುವುದಿಲ್ಲ.

ಬ್ರಿಟನ್ನಿನವರು ಮೊದಲ ವರದಿಗೆ ಒಂದು ಕ್ರಮ ಇಟ್ಟುಕೊಂಡಿದ್ದಾರೆ, ಮೀಥೇನ್ ಅಂತ ಅದರ ಹೆಸರು. ದೊಡ್ಡ ಘಟನೆ ಅಂತ ಘೋಷಿಸಿದ್ದೀರಾ, ನಿಖರ ಜಾಗ ಯಾವುದು, ಏನು ನಡೆದಿದೆ, ಏನೇನು ಅಪಾಯ, ಯಾವ ದಾರಿಯಲ್ಲಿ ಬರಬೇಕು, ಗಾಯಾಳು ಎಷ್ಟು, ಯಾವ ಸೇವೆ ಬಂದಿದೆ, ಇನ್ನು ಯಾವುದು ಬೇಕು. ಇಷ್ಟೇ. ನಮ್ಮ ಗಾಡಿಯ ಸನ್‌ವೈಸರ್‌ಗೆ ಈ ಸಾಲುಗಳನ್ನು ಅಂಟಿಸಿಕೊಂಡಿದ್ದೇವೆ. ಕೈ ನಡುಗುವಾಗ ಓದಿಕೊಂಡು ಹೇಳಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಒಂದು ಗೊಂದಲ ಇದೆ. ನಾವು ಪ್ರತಿ ವರ್ಷ ಜಂಟಿ ಮಾಕ್ ಡ್ರಿಲ್ ಮಾಡುತ್ತೇವೆ, ಅದು ಚೆನ್ನಾಗಿಯೇ ನಡೆಯುತ್ತದೆ. ಬರಹದಲ್ಲಿ ಯೋಜನೆಯೂ ಇದೆ. ಗೋದಾಮಿನಲ್ಲಿ ಮಾತ್ರ ಅದು ಯಾವುದೂ ಕೆಲಸಕ್ಕೆ ಬರಲಿಲ್ಲ. ಯಾಕೆ?

ಉತ್ತರ: ಮಾಕ್ ಡ್ರಿಲ್ ನಡೆಸುವ ತರಬೇತುದಾರ

ಚೆನ್ನಾಗಿ ನಡೆಯುವ ಡ್ರಿಲ್‌ನಿಂದ ಏನೂ ಗೊತ್ತಾಗುವುದಿಲ್ಲ. ಎಲ್ಲಿ ಕೆಡುತ್ತದೆ ಅಂತ ನೋಡಲೆಂದೇ ಡ್ರಿಲ್ ಮಾಡಬೇಕು.

ಬ್ರಿಟನ್ನಿನಲ್ಲಿ ಮೂರು ಸೇವೆಗಳು ಸೇರಿ ಕೆಲಸ ಮಾಡಲು ಜೆಸಿಪ್ ಅನ್ನುವ ವ್ಯವಸ್ಥೆ 2012ರಲ್ಲಿ ಶುರುವಾಯಿತು. ಒಂದೇ ಕಡೆ ನಿಲ್ಲಿ, ಸರಳವಾಗಿ ಮಾತಾಡಿ ಅನ್ನುವುದೆಲ್ಲಾ ಅದರಲ್ಲೇ ಇದೆ. ಐದು ವರ್ಷದ ಮೇಲೆ, 2017ರ ಮೇ 22ರ ರಾತ್ರಿ, ಮ್ಯಾಂಚೆಸ್ಟರ್ ಅರೀನಾದಲ್ಲಿ ಬಾಂಬ್ ಸಿಡಿದು 22 ಜನ ತೀರಿಕೊಂಡರು. ಹತ್ತಿರದ ಅಗ್ನಿಶಾಮಕ ಠಾಣೆಯವರಿಗೆ ಆ ಸದ್ದು ಕೇಳಿಸಿತ್ತು. ಆದರೂ ಅವರನ್ನು ದೂರದ ಇನ್ನೊಂದು ಠಾಣೆಗೆ ಹೋಗಿ ಸೇರಿ ಅಂತ ಕಳಿಸಿದರು. ಅಗ್ನಿಶಾಮಕದವರು ಸ್ಥಳ ಮುಟ್ಟಿದ್ದು ಎರಡು ಗಂಟೆಗೂ ಜಾಸ್ತಿ ಹೊತ್ತು ಕಳೆದ ಮೇಲೆ. ಒಬ್ಬ ಪೊಲೀಸ್ ಕರ್ತವ್ಯ ಅಧಿಕಾರಿಯ ಮೇಲೆ ಎಲ್ಲಾ ಭಾರ ಬಿದ್ದಿತ್ತು, ಅವರಿಗೆ ಫೋನ್ ಮಾಡಿದವರಿಗೆ ಲೈನ್ ಸಿಗುತ್ತಿರಲಿಲ್ಲ. ಯೋಜನೆ ಇತ್ತು, ತರಬೇತಿ ಇತ್ತು, ಒಳ್ಳೆಯ ಜನರೂ ಇದ್ದರು. ಒಬ್ಬ ಮನುಷ್ಯನ ಮೂಲಕವೇ ಎಲ್ಲಾ ಸುದ್ದಿ ಹಾಯಬೇಕಾಗಿದ್ದರೆ ಹೀಗಾಗುತ್ತದೆ.

ಆದ್ದರಿಂದ ನಾನು ಡ್ರಿಲ್ ನಡುವೆ ಹೋಗಿ ಮುಖ್ಯ ಅಧಿಕಾರಿಯ ಕೈಯಿಂದ ಸೆಟ್ ತೆಗೆದುಕೊಂಡುಬಿಡುತ್ತೇನೆ. "ನಿಮ್ಮ ಬ್ಯಾಟರಿ ಮುಗಿಯಿತು" ಅಂತ ಬರೆದ ಚೀಟಿ ಕೊಡುತ್ತೇನೆ. ಮೊದಲ ಸಲ ಆ ಅಧಿಕಾರಿ ಒಂದು ನಿಮಿಷ ಪೂರ್ತಿ ನನ್ನ ಮುಖವನ್ನೇ ನೋಡುತ್ತಾ ನಿಂತರು. ಅವರ ಸುತ್ತ ಇದ್ದವರೂ ಹಾಗೇ ನಿಂತರು. ಎರಡನೇ ಡ್ರಿಲ್‌ನಲ್ಲಿ ಚೀಟಿ ಕೊಟ್ಟ ತಕ್ಷಣ ಪಕ್ಕದಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ತಮ್ಮ ಸೆಟ್ ಮುಂದೆ ಹಿಡಿದರು. ಅಷ್ಟು ಕಲಿತರೆ ಡ್ರಿಲ್ ಸಾರ್ಥಕ.

ರಾತ್ರಿ ಪಾಳಿಯವರಿಗೂ ಮಾಡಿಸಿ. ಡ್ರಿಲ್‌ಗೆ ಬರುವವರು ಯಾವಾಗಲೂ ಹಗಲಿನವರು, ಅನುಭವಸ್ಥರು. ಬೆಂಕಿ ಬೀಳುವುದು ರಾತ್ರಿ ಎರಡಕ್ಕೆ, ಆಗ ಡ್ಯೂಟಿಯಲ್ಲಿ ಇರುವವರು ಹೊಸಬರು. ಮುಗಿದ ಮೇಲೆ ಅದೇ ದಿನ ಎಲ್ಲರನ್ನೂ ಕೂರಿಸಿ ಕೇಳಿ. ಯಾರ ತಪ್ಪು ಅಂತ ಹುಡುಕಬೇಡಿ. ಯಾವ ಮಾತು ಯಾರಿಗೆ ಎಷ್ಟು ಹೊತ್ತಿಗೆ ಮುಟ್ಟಿತು ಅಂತ ಮಾತ್ರ ಬರೆದುಕೊಳ್ಳಿ.

ಉತ್ತರ: ಅಗ್ನಿಶಾಮಕ ದಳದ ನಿವೃತ್ತ ಅಧಿಕಾರಿ

ಮೇಲಿನವರಿಗೆ ಏನು ಹೇಳಬೇಕು ಅನ್ನುವುದಕ್ಕೆ ಇದನ್ನೂ ಸೇರಿಸಿಕೊಳ್ಳಿ. ಈಗ ಜಗತ್ತಿನಲ್ಲಿ ಎಷ್ಟೋ ಕಡೆ ಬಳಸುವ ಘಟನಾ ನಿರ್ವಹಣಾ ಪದ್ಧತಿ ಹುಟ್ಟಿದ್ದು 1970ರ ಕ್ಯಾಲಿಫೋರ್ನಿಯಾ ಕಾಡ್ಗಿಚ್ಚಿನ ನಂತರ. ಅಲ್ಲಿ ಹತ್ತಾರು ಇಲಾಖೆಗಳು ಬಂದಿದ್ದವು. ಯಾರ ಮಾತು ಯಾರು ಕೇಳಬೇಕು ಅನ್ನುವುದು ಸ್ಪಷ್ಟ ಇರಲಿಲ್ಲ, ಒಂದೇ ವಸ್ತುವಿಗೆ ಹತ್ತು ಹೆಸರು. ಅವರು ಮೊದಲು ಕೂತು ಸರಿಮಾಡಿದ್ದು ಹೆಸರುಗಳನ್ನು, ಅಧಿಕಾರದ ಸಾಲನ್ನು. ಒಬ್ಬ ಮೇಲಧಿಕಾರಿಯ ಕೈಕೆಳಗೆ ನೇರವಾಗಿ ಮೂರರಿಂದ ಏಳು ಜನ, ಅದಕ್ಕಿಂತ ಜಾಸ್ತಿ ಬೇಡ ಅನ್ನುವುದೂ ಅದರಲ್ಲಿದೆ. ಸೆಟ್‌ಗೆ ಹಣ ಕೇಳುವ ಅರ್ಜಿಯ ಜೊತೆಗೇ ಇಲಾಖೆಗಳ ನಡುವಿನ ಒಪ್ಪಂದದ ಕಾಗದವನ್ನೂ ಸಹಿಗೆ ಕಳಿಸಿ. ಎರಡೂ ಒಟ್ಟಿಗೆ ಹೋಗಲಿ.

ಉತ್ತರ: ಕಂಟ್ರೋಲ್ ರೂಮ್ ಆಪರೇಟರ್

ಸಭೆ ಕರೆದಾಗ ಬರೀ ಅಧಿಕಾರಿಗಳನ್ನು ಕರೆಯಬೇಡಿ ಮೇಡಂ ಅಥವಾ ಸರ್. ಬ್ಯಾರಿಕೇಡ್ ಹತ್ತಿರ ನಿಂತಿದ್ದ ಆ ಪೇದೆಯನ್ನೂ, ವಾಪಸ್ ಹೋದ ಆಂಬ್ಯುಲೆನ್ಸ್ ಡ್ರೈವರನ್ನೂ ಕರೆಯಿರಿ. ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ. ಅವತ್ತು ಅವರವರ ಸೆಟ್‌ನಲ್ಲಿ ಏನು ಕೇಳಿಸುತ್ತಿತ್ತು ಅಂತ ಕೇಳಿ. ಅವರು ಹೇಳುವಾಗ ನಡುವೆ ಯಾರೂ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ.