ಸಹಾಯ ಬೇಕು: ಮಳೆಗೆ ಮನೆಯೊಳಗೇ ಇರುವ ಮಕ್ಕಳಿಗೆ ಆಟ

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡಿನ ಬದಿಯಡ್ಕ ಕಡೆಯವರು. ಆಟಿ ತಿಂಗಳ (ತುಳುವಿನ ಮಳೆಗಾಲದ ತಿಂಗಳು) ಮಳೆ, ಶಾಲೆಗೆ ರಜೆ. ಮಗಳಿಗೆ ಏಳು ವರ್ಷ, ಮಗನಿಗೆ ಮೂರು. ಮೊಬೈಲ್ ಕೊಟ್ಟು ಕೂರಿಸಲು ನನಗೆ ಮನಸ್ಸಿಲ್ಲ.

ಮೊನ್ನೆ ಅಟ್ಟದಿಂದ ಚೆನ್ನೆಮಣೆ (ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮರದ ಮಣೆ) ಇಳಿಸಿದೆ. 14 ಗುಳಿ, ಒಂದೊಂದಕ್ಕೆ ನಾಲ್ಕರಂತೆ 56 ಕಾಯಿ. ಮಗಳು ಬೇಗ ಕಲಿತಳು, ಆದರೆ ಚಿಕ್ಕವನು ಕಾಯಿಯನ್ನು ಬಾಯಿಗೆ ಹಾಕಲು ಹೋದ. ಹೆದರಿ ಎತ್ತಿಟ್ಟೆ. (ಗುಲಗಂಜಿ ಇದ್ದರೆ ದಯವಿಟ್ಟು ಮಕ್ಕಳ ಕೈಗೆ ಕೊಡಬೇಡಿ, ಅದು ವಿಷ.)

ನಿನ್ನೆ ಇಬ್ಬರೂ ತಾವೇ ಯಕ್ಷಗಾನ ಕಟ್ಟಿದರು. ಅಡಕೆ ಹಾಳೆಯ ಕಿರೀಟ, ಅವಲಕ್ಕಿ ಡಬ್ಬವೇ ಚೆಂಡೆ, ಎರಡು ಮುಚ್ಚಳ ತಾಳ, ಅಜ್ಜಿಯ ಹಳೇ ಸೀರೆ ತೆರೆ. ತೆರೆಯ ಹಿಂದಿನಿಂದ ಮಗ ಗೆರಸೆ (ಮೊರ) ಹಿಡಿದು ರಾಕ್ಷಸನಾಗಿ ಕೂಗಿದ್ದು ನೋಡಬೇಕಿತ್ತು! ಎರಡು ಗಂಟೆ ಜಗಳವೇ ಇರಲಿಲ್ಲ.

ಇಂಥದ್ದೇ ಇನ್ನಷ್ಟು ಬೇಕಾಗಿದೆ. ಮನೆಯಲ್ಲಿ ತೆಂಗಿನ ಗೆರಟೆ (ಚಿಪ್ಪು), ಅಡಕೆ ಹಾಳೆ, ರಟ್ಟಿನ ಪೆಟ್ಟಿಗೆ, ಹಳೇ ಪೇಪರ್, ಬೆಡ್‌ಶೀಟ್ ಎಲ್ಲ ಉಂಟು. ಚಿಕ್ಕ ಚಿಕ್ಕ ವಸ್ತು ಬೇಡ. ದೊಡ್ಡವಳಿಗೆ ಬೇಸರ ಬರಬಾರದು, ಚಿಕ್ಕವನಿಗೂ ಒಂದು ಪಾತ್ರ ಇರಬೇಕು. ನಿಮ್ಮ ಮಕ್ಕಳು ಏನು ಆಡುತ್ತಾರೆ? ನೀವು ಸಣ್ಣವರಿದ್ದಾಗ ಚಾವಡಿಯಲ್ಲಿ ಏನು ಆಡುತ್ತಿದ್ದಿರಿ? ಆಡುವ ಕ್ರಮವನ್ನೂ ಸ್ವಲ್ಪ ಬಿಡಿಸಿ ಬರೆಯಿರಿ. ನಾಳೆಯೂ ರಜೆ ಅಂತೆ.