ಕಲಾ ವಿಮರ್ಶೆ ಬರೆಯೋಕೆ ಕೂತ್ರೆ ಗ್ಯಾಲರಿ ಗೋಡೆ ಮೇಲೆ ಹಾಕಿರೋ ವಿವರಣೆ ಬರಹಾನೇ ಬರ್ತಿದೆ, ಏನ್ ಮಾಡ್ಲಿ?

ಪೆನ್ಸಿಲ್‌ಚೂರು:
ಒಂದು ಇನ್‌ಸ್ಟಲೇಷನ್ (ಜಾಗಾನೇ ಕೃತಿಯ ಭಾಗ ಆಗಿರೋ ಕಲೆ) ಶೋ ಬಗ್ಗೆ 800 ಪದ ಬರೆದು ಕಳಿಸಿದ್ದೆ, ಎಡಿಟರ್ ವಾಪಸ್ ಕಳಿಸಿದ್ರು, "ಇದು ಶೋ ಜೋಡಿಸಿದ ಕ್ಯುರೇಟರ್ ಹೇಳಿದ್ದಲ್ವಾ, ನೀವೇನ್ ನೋಡಿದ್ರಿ?" ಅಂತ. ತಿರುಗಿ ಓದಿದ್ರೆ ನಿಜಾನೇ, ಬರೀ 'ಅಸ್ಮಿತೆ', 'ಮುಖಾಮುಖಿ', 'ಪ್ರಶ್ನಿಸುತ್ತದೆ', ಕೃತಿ ಯಾವ ಬಣ್ಣ ಅಂತಾನೂ ಬರ್ದಿಲ್ಲ. ಇಷ್ಟ ಆಗ್ಲಿಲ್ಲ ಅನ್ನೋಕೂ ಭಯ, ನನಗೇ ಅರ್ಥ ಆಗಿಲ್ದೇ ಇದ್ರೆ?

ಬಿಳಿಗೋಡೆ:
ಎಲ್ರೂ ಬಿದ್ದಿರೋ ಹಳ್ಳಾನೇ ಬಿಡಿ. 2012ರಲ್ಲಿ ಅಲಿಕ್ಸ್ ರೂಲ್, ಡೇವಿಡ್ ಲೆವೈನ್ ಅನ್ನೋ ಇಬ್ರು ಕಲಾ ಪ್ರದರ್ಶನಗಳ ಸುದ್ದಿನ ಇಮೇಲಲ್ಲಿ ಹಂಚೋ ಇ-ಫ್ಲಕ್ಸ್ ಸಂಸ್ಥೆ ಕಳಿಸೋ ಪ್ರಕಟಣೆಗಳನ್ನೆಲ್ಲಾ ಗುಡ್ಡೆ ಹಾಕಿ ಜಾಲಾಡಿ, ಈ ಭಾಷೆಗೆ 'ಇಂಟರ್‌ನ್ಯಾಷನಲ್ ಆರ್ಟ್ ಇಂಗ್ಲಿಷ್' ಅಂತ ಹೆಸರಿಟ್ರು. ಅಲ್ಲಿ ವಿಷುಯಲ್ ಹೋಗಿ ವಿಷುಯಾಲಿಟಿ ಆಗತ್ತೆ, ನಾವು 'ದೃಶ್ಯಾತ್ಮಕತೆ' ಅಂತ ಬಾಲ ಅಂಟಿಸ್ತೀವಿ, ಅಷ್ಟೇ ವ್ಯತ್ಯಾಸ.
ಮೊದಲು ಅಳತೆ, ವಸ್ತು, ನಿಮ್ಮ ಮೈ ಏನ್ ಮಾಡ್ತು ಅನ್ನೋದನ್ನ ಬರೀರಿ. ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ 1981ರಲ್ಲಿ ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ 'ಟಿಲ್ಟೆಡ್ ಆರ್ಕ್' ನಿಲ್ಲಿಸಿದ್ನಲ್ಲ, 120 ಅಡಿ ಉದ್ದ, 12 ಅಡಿ ಎತ್ತರ, ತುಕ್ಕು ಬಣ್ಣದ ವಾಲಿದ ಉಕ್ಕಿನ ಗೋಡೆ, ಆಫೀಸಿನೋರು ದಿನಾ ಅದನ್ನ ಸುತ್ತಿಕೊಂಡು ಹೋಗ್ಬೇಕಿತ್ತು. ಬೈದ್ರು, 1985ರಲ್ಲಿ ವಿಚಾರಣೆ ಆಯ್ತು, 1989ರಲ್ಲಿ ಕತ್ತರಿಸಿ ಎತ್ಕೊಂಡೇ ಹೋದ್ರು. ಹೊಗಳೋರಿಗೂ ಬೈಯೋರಿಗೂ ಆ ಸುತ್ತು ನಡಿಗೇನೇ ವಿಷಯ, ಅದನ್ನ ಬಿಟ್ಟು 'ಸ್ಥಳಾವಕಾಶದ ರಾಜಕಾರಣ' ಅಂದ್ರೆ ಯಾರಿಗ್ ಏನ್ ಸಿಗತ್ತೆ?

ತಗಡುಪೆಟ್ಟಿಗೆ:
ಅರ್ಧ ಒಪ್ತೀನಿ. ಬರೀ ಅಳತೆ ಬರೆದು ಕೈ ತೊಳ್ಕೊಂಡ್ರೆ ಅದು ಮಹಜರು, ವಿಮರ್ಶೆ ಅಲ್ಲ. ಇಟಲಿಯ ಕಲಾವಿದ ಮೌರಿಜಿಯೊ ಕ್ಯಾಟೆಲಾನ್ 2019ರಲ್ಲಿ ಗೋಡೆಗೆ ಟೇಪ್ ಹಾಕಿ ಅಂಟಿಸಿದ ಬಾಳೆಹಣ್ಣು ತಗೊಳ್ಳಿ, ವರ್ಣನೆ ಒಂದೇ ಸಾಲಿಗೆ ಮುಗೀತು. ಕೊಂಡೋರಿಗೆ ಸಿಗೋದು ಸರ್ಟಿಫಿಕೇಟು ಮತ್ತೆ ಅಂಟಿಸೋ ಕ್ರಮ, ಹಣ್ಣು ಕೊಳೆತ್ರೆ ಬೇರೆ ತಂದು ಅಂಟಿಸ್ಕೋಬಹುದು. ಅದೇ 2024ರ ಹರಾಜಲ್ಲಿ 62 ಲಕ್ಷ ಡಾಲರ್! ಅಂದ್ಮೇಲೆ ಆ ಕಾಗದ, ಆ ದುಡ್ಡಿನ ಬಗ್ಗೆ ಬರೀದೇ ಬಾಳೆಹಣ್ಣಿನ ಬಗ್ಗೆ ಬರೆದೇನ್ ಪ್ರಯೋಜನ? ನನ್ನ ಕೇಳಿದ್ರೆ ಜೋಕ್ ಒಂದ್ಸಲಕ್ಕೆ ಚೆನ್ನಾಗಿತ್ತು. ನೋಡಿ, ಹೇಳ್ಬಿಟ್ಟೆ, ಏನೂ ಆಗಲ್ಲ, ಕಾರಣ ಕೊಡಿ ಸಾಕು.

ಪೆನ್ಸಿಲ್‌ಚೂರು:
ಇವತ್ತು ಮತ್ತೆ ಹೋಗ್ಬಂದೆ. ಕೆಂಪು ದಾರಗಳು, ನನ್ನ ಎದೆ ಮಟ್ಟಕ್ಕೆ ಅಡ್ಡಡ್ಡ ಕಟ್ಟಿದಾರೆ, ಒಂದಕ್ಕೆ ಯಾರದೋ ಉದ್ದ ಕೂದಲು ಸಿಕ್ಕೊಂಡಿತ್ತು. ಗೋಡೆ ಮೇಲೆ 'ಮುಕ್ತ ಚಲನೆ' ಅಂತಿದೆ, ನಾನು ಇಪ್ಪತ್ತು ನಿಮಿಷಾನೂ ಸೊಂಟ ಬಗ್ಗಿಸ್ಕೊಂಡೇ ಓಡಾಡಿದೆ. ಇಲ್ಲಿಂದಾನೇ ಶುರು ಮಾಡ್ತೀನಿ.