ತಾಳಮದ್ದಳೆ ರೆಕಾರ್ಡಿಂಗ್: ಕಂಪ್ರೆಸರ್ ಹಾಕಿದ ಮೇಲೆ ಲೋಕಲ್ ಟ್ರೈನ್ ಸದ್ದೂ ಮೇಲೆ ಬರುತ್ತಿದೆ

ಚಂಡೆಪ್ರಿಯ:
ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆ ಹಾಲ್‌ನಲ್ಲೇ ಒಂದು ತಾಳಮದ್ದಳೆ (ವೇಷ, ಕುಣಿತ ಇಲ್ಲದ ಯಕ್ಷಗಾನ) ರೆಕಾರ್ಡ್ ಮಾಡಿದೆವು, ಒಟ್ಟು ಮೂರು ತಾಸು. ಕರ್ಣನ ಮಾತಾಡುವ ಅರ್ಥಧಾರಿ ಒಮ್ಮೆ ಪಿಸುಗುಟ್ಟುತ್ತಾರೆ, ಮರುಕ್ಷಣ ಗುಡುಗುತ್ತಾರೆ. ಊರಲ್ಲಿ ಅಮ್ಮ ಮೊಬೈಲಿನಲ್ಲಿ ಕೇಳುವಾಗ ವಾಲ್ಯೂಮ್ ಬಟನ್ ಮೇಲಿಂದ ಬೆರಳು ತೆಗೆಯೋಕೇ ಆಗಲ್ಲ ಅಂದರು. ಅದಕ್ಕೆ ದೊಡ್ಡ-ಸಣ್ಣ ದನಿಯ ಅಂತರ ಕಡಿಮೆ ಮಾಡುವ ಕಂಪ್ರೆಸರ್ ಹಾಕಿದೆ. ಥ್ರೆಶೋಲ್ಡ್ (ಯಾವ ಮಟ್ಟ ದಾಟಿದರೆ ತಗ್ಗಿಸಬೇಕು) -20 ಡಿಬಿ, ರೇಶಿಯೊ (ದಾಟಿದ್ದನ್ನು ಎಷ್ಟು ಪಾಲು ಕುಗ್ಗಿಸಬೇಕು) 4:1, ರಿಲೀಸ್ (ದನಿ ಇಳಿದ ಮೇಲೆ ತಗ್ಗಿಸುವುದನ್ನು ಬಿಡಲು ಹಿಡಿಯುವ ಸಮಯ) 40 ಮಿಲಿಸೆಕೆಂಡ್, ಮೇಕಪ್ ಗೇನ್ (ಕೊನೆಗೆ ಒಟ್ಟಾರೆ ದನಿ ಎತ್ತುವುದು) 9 ಡಿಬಿ. ಮಾತು ಸಮ ಆಯಿತು, ಆದರೆ ಅರ್ಥಧಾರಿ ಉಸಿರು ತೆಗೆದುಕೊಂಡಾಗೆಲ್ಲ ಫ್ಯಾನು, ದೂರದ ಲೋಕಲ್ ಟ್ರೈನು ಎರಡೂ ಭುಸ್ ಅಂತ ಎದ್ದು ಬರುತ್ತವೆ. ಸಣ್ಣ ಸದ್ದನ್ನು ಪೂರ್ತಿ ಮುಚ್ಚುವ ಗೇಟ್ ಹಾಕಿದರೆ ವಾಕ್ಯದ ಕೊನೆಯ ಅಕ್ಷರವೇ ಹಾರಿಹೋಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಮಾಟುಂಗದವ:
ಕಂಪ್ರೆಸರ್ ಸಣ್ಣ ದನಿಯನ್ನು ಎತ್ತುವುದಿಲ್ಲ. ದೊಡ್ಡದನ್ನು ತಗ್ಗಿಸುತ್ತದೆ, ಅಷ್ಟೇ. ಕರ್ಣ ಗುಡುಗಿದ್ದು -8ಕ್ಕೆ ಮುಟ್ಟಿತು ಅನ್ನಿ. ಥ್ರೆಶೋಲ್ಡ್ ದಾಟಿದ್ದು 12 ಡಿಬಿ, 4:1ರಲ್ಲಿ ಅದು 3 ಆಗಿ -17ಕ್ಕೆ ನಿಲ್ಲುತ್ತದೆ. ಇಳಿದದ್ದು 9. ಆ 9 ಅನ್ನು ನೀವು ಮೇಕಪ್ ಗೇನಿನಲ್ಲಿ ವಾಪಸ್ ಕೊಟ್ಟಾಗ, ಥ್ರೆಶೋಲ್ಡ್‌ಗಿಂತ ಕೆಳಗೆ ಸುಮ್ನೆ ಇದ್ದ ಫ್ಯಾನಿಗೂ ಟ್ರೈನಿಗೂ ಪೂರ್ತಿ 9 ಸಿಕ್ಕಿತು ಅಲ್ವಾ? ರಿಲೀಸ್ ಬೇರೆ 40, ಮಾತು ನಿಂತ ಕೂಡಲೇ ಕಂಪ್ರೆಸರ್ ಕೈ ಬಿಡುತ್ತದೆ, ಅದಕ್ಕೇ ಆ ಭುಸ್.

ಮೊದಲು ಕೈಯಿಂದಲೇ ಕೆಲಸ ಮಾಡಿ. ಗುಡುಗಿದ ಮಾತುಗಳನ್ನಷ್ಟೇ ಕತ್ತರಿಸಿ ಆ ತುಣುಕುಗಳ ದನಿಮಟ್ಟ (ಕ್ಲಿಪ್ ಗೇನ್) 5-6 ಡಿಬಿ ಇಳಿಸಿ. ಒಂದು ಭಾನುವಾರ ಪೂರ್ತಿ ಹೋಗುತ್ತದೆ, ಹೋಗಲಿ. ಆಮೇಲೆ 2:1 ಇಟ್ಟು ಮೀಟರಿನಲ್ಲಿ 3 ಡಿಬಿ ಇಳಿದರೆ ಸಾಕು, ರಿಲೀಸ್ 200ರ ಆಸುಪಾಸು. ಮೇಕಪ್ಪೂ ಆಗ 3 ಸಾಕಾಗುತ್ತದೆ.

ಪುಣೆ ಮದ್ದಳೆ:
ಗೇಟ್ ತೆಗೆದುಬಿಡಿ. ಅದರ ಜಾಗಕ್ಕೆ ಸಣ್ಣ ಸದ್ದನ್ನು ಪೂರ್ತಿ ಮುಚ್ಚದೆ ಇನ್ನಷ್ಟು ತಗ್ಗಿಸುವ ಎಕ್ಸ್‌ಪಾಂಡರ್ ಹಾಕಿ, ರೇಂಜ್ (ಹೆಚ್ಚೆಂದರೆ ಎಷ್ಟು ತಗ್ಗಿಸಬೇಕು) 6 ಡಿಬಿಗೆ ಕಟ್ಟಿ. ಬಾಗಿಲು ಧಡ್ ಅಂತ ಮುಚ್ಚುವ ಬದಲು ಓರೆ ಮಾಡಿದ ಹಾಗೆ, ಕೊನೆಯ ಅಕ್ಷರ ಉಳಿಯುತ್ತದೆ. ಕಂಪ್ರೆಸರ್‌ಗಿಂತ ಮುಂಚೆ ಇರಲಿ. ಚಂಡೆಗೆ ಬೇರೆ ಮೈಕ್ ಇಟ್ಟಿದ್ದರೆ ಅದರ ಕಂಪ್ರೆಸರ್‌ಗೆ ಅಟ್ಯಾಕ್ (ತಗ್ಗಿಸಲು ಹಿಡಿಯುವ ಸಮಯ) 25-30 ಮಿಲಿಸೆಕೆಂಡ್ ಕೊಡಿ. 1ಕ್ಕೆ ಇಟ್ಟರೆ ಕೋಲು ಬಿದ್ದ ಪೆಟ್ಟೇ ಸತ್ತುಹೋಗುತ್ತದೆ, ಚಂಡೆ ರಟ್ಟಿನ ಡಬ್ಬದ ಹಾಗೆ ಕೇಳುತ್ತದೆ. ಮುಂದಿನ ಸಲ ಫ್ಯಾನ್ ಮಾತ್ರ ದಯವಿಟ್ಟು ಆಫ್ ಮಾಡಿ, ಎಷ್ಟೇ ಸೆಖೆ ಇದ್ದರೂ.

ಚಂಡೆಪ್ರಿಯ:
ಮೊದಲ 20 ನಿಮಿಷ ಹೀಗೇ ಮಾಡಿ ಕಳಿಸಿದೆ, ಅಮ್ಮ ಬಟನ್ ಮುಟ್ಟದೆ ಕೇಳಿದರಂತೆ. ಕೃಷ್ಣ ಹುಟ್ಟಿನ ಗುಟ್ಟು ಹೇಳಿದ ಮೇಲೆ ಕರ್ಣ ಮೆಲ್ಲಗೆ "ಈಗ ಹೇಳಿದೆಯಾ" ಅನ್ನುವ ಜಾಗ ಒಂದಿದೆ. ಅಲ್ಲಿ ಎಲ್ಲವನ್ನೂ ಬೈಪಾಸ್ ಮಾಡಿ, ಅವರು ಹೇಳಿದಷ್ಟೇ ಸಣ್ಣ ದನಿಯಲ್ಲಿ ಬಿಟ್ಟಿದ್ದೇನೆ. ಹಿಂದೆ ಟ್ರೈನ್ ಸ್ವಲ್ಪ ಕೇಳುತ್ತದೆ.